ಬೆನ್ನುಹುರಿಯ ಎರಡು ಬೇರುಗಳು

ಕತ್ತಲೆಯಲ್ಲಿ ಬಚ್ಚಲಮನೆಗೆ ಹೋದವನು ಹಂಡೆಯೊಲೆಯಿಂದ ಉರುಳಿದ ಕೆಂಡವೊಂದರ ಮೇಲೆ ಕಾಲಿಟ್ಟನೆಂದು ಭಾವಿಸೋಣ. ಅದು ಕೆಂಡವೆಂಬ ತಿಳಿವು ಹುಟ್ಟುವುದಕ್ಕೆ ಮೊದಲೇ ಅವನ ಕಾಲು ಮೇಲಕ್ಕೆ ಹೋಗಿರುತ್ತದೆ. "ಅಯ್ಯೋ" ಎಂಬ ಕೂಗು ಆಮೇಲಿನದು. ಈ ಅರೆಗಳಿಗೆಯೊಳಗೆ ಎರಡು ಕೆಲಸಗಳು ನಡೆದುಹೋದುವು. ಅಂಗಾಲಿನಿಂದ ಒಂದು ಸುದ್ದಿ ಒಳಕ್ಕೆ ಬಂದಿತು. ಒಳಗಿನಿಂದ ಒಂದು ಅಪ್ಪಣೆ ತೊಡೆಯ ಮಾಂಸಖಂಡಗಳಿಗೆ ಹೊರಟಿತು. ಸುದ್ದಿಯೂ ಅಪ್ಪಣೆಯೂ ಹೋಗಿಬಂದ ದಾರಿ ಒಂದೆಯೋ, ಎರಡೋ? ಕೇಳುವುದಕ್ಕೆ ಇಷ್ಟು ಸುಲಭವಾದ ಈ ಪ್ರಶ್ನೆಗೆ ಉತ್ತರ ದೊರೆಯುವುದಕ್ಕೆ ಕ್ರಿಸ್ತಶಕ ೧೮೨೨ರವರೆಗೆ ಮನುಷ್ಯರು ಕಾಯಬೇಕಾಯಿತು. ಉತ್ತರ ದೊರೆತಮೇಲೆ ಅದು ಯಾರದೆಂಬ ವಿಷಯದಲ್ಲಿ ಹುಟ್ಟಿದ ವ್ಯಾಜ್ಯವಾದರೋ ನೂರೈವತ್ತು ವರ್ಷಗಳ ಮೇಲೂ ವಿದ್ವಾಂಸರ ಲೇಖನಿಗೆ ಕೆಲಸ ಕೊಡುತ್ತಿದ್ದಿತು. ನಾವು ವೈದ್ಯರಲ್ಲ, ಚರಿತ್ರೆಯನ್ನು ಪಾಠ ಹೇಳತಕ್ಕವರು. ರಾಜರ ಗಡಿಜಗಳಗಳನ್ನು ಹೇಳಿ ಅಭ್ಯಾಸವಾದ ನಮಗೆ ಈ ಜಗಳವು ಅವುಗಳಿಗಿಂತ ಹೆಚ್ಚು ವಿಚಾರಕ್ಕೆ ಯೋಗ್ಯವಾಗಿ ಕಂಡುದರಿಂದ ಈ ಸಂಜೆ ಅದನ್ನೇ ಆರಿಸಿಕೊಂಡಿದ್ದೇವೆ.

ಮೊದಲು ವ್ಯಾಜ್ಯದ ಸ್ವತ್ತನ್ನು ನೋಡೋಣ. ನಮ್ಮ ಬೆನ್ನೆಲುಬು ಒಂದು ಎಲುಬಲ್ಲ. ಒಂದರಮೇಲೊಂದು ಜೋಡಿಸಿದ ಮಣಿಗಳ ಸಾಲು. ಒಂದೊಂದು ಮಣಿಯ ಹಿಂಭಾಗದಲ್ಲಿಯೂ ಒಂದು ಬಳೆ. ಈ ಬಳೆಗಳು ಸಾಲಾಗಿ ಕೂಡಿ ಉಂಟಾದ ಕೊಳವೆಯಲ್ಲಿ, ಮೂರು ಪೊರೆಗಳನ್ನು ಹೊದೆದು, ತಿಳಿನೀರಿನಂಥ ದ್ರವದಲ್ಲಿ ತೇಲುತ್ತ ಬೆನ್ನುಹುರಿಯು ಇಳಿದಿರುತ್ತದೆ. ದಪ್ಪ ಕಿರುಬೆರಳಿನಷ್ಟು, ಉದ್ದ ಗಂಡಸರಲ್ಲಿ ಸುಮಾರು ೪೫ ಸೆಂಟಿಮೀಟರು, ಹೆಂಗಸರಲ್ಲಿ ಅದಕ್ಕಿಂತ ತುಸು ಕಡಮೆ, ತೂಕ ೩೫ ಗ್ರಾಮುಗಳ ಆಸುಪಾಸು. ಕೊರಳಿನಿಂದ ಕೆಳಗಣ ದೇಹಕ್ಕೆಲ್ಲ ಮೆದುಳಿನ ಆಳ್ವಿಕೆಯು ನಡೆಯುವುದು ಈ ಮೂರು ತೊಲದ ಹುರಿಯ ಮೂಲಕ. ಇನ್ನೊಂದು ವಿಶೇಷವನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಭಾಷಣದ ಕೊನೆಯಲ್ಲಿ ಅದರ ಉಪಯೋಗವಿದೆ. ಹುರಿಯು ಕೊಳವೆಯ ತುದಿಯವರೆಗೆ ಹೋಗುವುದಿಲ್ಲ. ಮೂರು ತಿಂಗಳ ಭ್ರೂಣದಲ್ಲಿ ಅದು ಕೊಳವೆಯನ್ನೆಲ್ಲ ತುಂಬಿರುತ್ತದೆ; ಬಳಿಕ ಎಲುಬು ಬೇಗಬೇಗನೆ ಬೆಳೆಯುತ್ತದೆ, ಹುರಿಯು ಹಿಂದೆ ಬೀಳುತ್ತದೆ. ಪ್ರಾಯಕ್ಕೆ ಬಂದವರಲ್ಲಿ ಅದು ಸೊಂಟದ ಒಂದನೆಯ, ಎರಡನೆಯ ಮಣಿಗಳ ಮಟ್ಟದಲ್ಲಿಯೇ ಮುಗಿದುಹೋಗಿ, ಅಲ್ಲಿಂದ ಕೆಳಕ್ಕೆ ಬರಿಯ ನರಗಳ ಗೊಂಚಲು ಜೋಲುತ್ತಿರುತ್ತದೆ. ಹಳೆಯ ಅಂಗರಚನಾಶಾಸ್ತ್ರಜ್ಞರು ಇದಕ್ಕೆ ಕುದುರೆಬಾಲವೆಂದು ಹೆಸರಿಟ್ಟರು. ಹೆಸರು ಚೆನ್ನಾಗಿಯೇ ಇದೆ.

ಹುರಿಯ ಇಕ್ಕೆಲಗಳಿಂದ ೩೧ ಜೊತೆ ನರಗಳು ಹೊರಡುತ್ತವೆ: ಕೊರಳಿನಲ್ಲಿ ೮, ಎದೆಯ ಭಾಗದಲ್ಲಿ ೧೨, ಸೊಂಟದಲ್ಲಿ ೫, ತ್ರಿಕದಲ್ಲಿ ೫, ಬಾಲದ ಮೂಳೆಯಲ್ಲಿ ಒಂದು. ಒಂದೊಂದು ನರಕ್ಕೂ ಎರಡೆರಡು ಬೇರುಗಳು. ಹೊಟ್ಟೆಯ ಕಡೆಗಿರುವುದನ್ನು ಮುಂಬೇರೆಂದೂ ಬೆನ್ನಿನ ಕಡೆಗಿರುವುದನ್ನು ಹಿಂಬೇರೆಂದೂ ಕರೆಯೋಣ. ಹಿಂಬೇರಿನ ಮೇಲೆ ಗೋಧಿಯ ಕಾಳಿನಂತೆ ಒಂದು ಗಂಟಿದೆ; ಮುಂಬೇರಿನ ಮೇಲೆ ಇಲ್ಲ. ಎರಡು ಬೇರುಗಳೂ ಮಣಿಗಳ ನಡುವಣ ಕಂಡಿಯಲ್ಲಿ ಕೂಡಿ ಒಂದೇ ನರವಾಗಿ ಹೊರಬೀಳುತ್ತವೆ. ಹೊರಗೆ ಒಂದಾಗಿರುವುದು ಒಳಗೆ ಎರಡಾಗಿರುವುದೇಕೆ? ಈ ಏಕೆಯೇ ನಮ್ಮ ಕಥೆ.

ಬೆನ್ನುಹುರಿಗೆ ಪೆಟ್ಟಾದರೆ ಏನಾಗುವುದೆಂಬುದನ್ನು ಮನುಷ್ಯನು ಬಲು ಹಿಂದೆಯೇ ಕಂಡಿದ್ದನು. ೧೮೬೨ರಲ್ಲಿ ಎಡ್ವಿನ್ ಸ್ಮಿತ್ ಎಂಬ ಅಮೆರಿಕದವನು ಈಜಿಪ್ಟಿನ ಲಕ್ಸರ್ ಪಟ್ಟಣದಲ್ಲಿ ಪಪೈರಸ್ಸಿನ ಸುರುಳಿಯೊಂದನ್ನು ಕೊಂಡನು. ೧೯೩೦ರಲ್ಲಿ ಬ್ರೆಸ್ಟೆಡ್ ಪಂಡಿತನು ಅದನ್ನು ಭಾಷಾಂತರಿಸಿ ಪ್ರಕಟಿಸಿದಾಗ, ಅದು ಕ್ರಿಸ್ತಪೂರ್ವ ಸುಮಾರು ೧೬೦೦ರಲ್ಲಿ, ಇನ್ನೂ ಹಳೆಯದಾದ ಮಾತೃಕೆಯಿಂದ ಪ್ರತಿಮಾಡಿದ ಶಸ್ತ್ರವೈದ್ಯದ ಗ್ರಂಥವೆಂದು ತಿಳಿದುಬಂದಿತು. ಅದರಲ್ಲಿ ೪೮ ಗಾಯಾಳುಗಳ ವಿಚಾರವಿದೆ. ಮೂವತ್ತೊಂದನೆಯವನ ಕೊರಳಿನ ಮಣಿ ತಪ್ಪಿದೆ. ಅವನಿಗೆ ತನ್ನ ಕೈಕಾಲುಗಳ ಅರಿವೇ ಇಲ್ಲ, ಮೂತ್ರವು ತಿಳಿಯದೆ ತೊಟ್ಟಿಕ್ಕುತ್ತಿದೆ. ವೈದ್ಯನು ಇದನ್ನೆಲ್ಲ ನೆಟ್ಟಗೆ ನೋಡಿ ಬರೆದು, ಇದು ಚಿಕಿತ್ಸೆ ಮಾಡತಕ್ಕ ವ್ಯಾಧಿಯಲ್ಲವೆಂದು ತೀರ್ಪಿತ್ತಿದ್ದಾನೆ. ಮಾಡಲಾರದುದನ್ನು ಮಾಡುವೆನೆಂದು ಹೇಳದಿದ್ದ ಆ ಹೆಸರಿಲ್ಲದ ವೈದ್ಯನಲ್ಲಿ ನಮಗೆ ಗೌರವವುಂಟು.

ಇದನ್ನು ನೋಡಿದ್ದರಿಂದ ಮುಂದಕ್ಕೆ ಹೋಗಿ ಪರೀಕ್ಷೆ ಮಾಡಿದವರಲ್ಲಿ ಮುಖ್ಯನಾದವನು ಗೇಲನ್. ಇವನು ಏಷ್ಯಾ ಮೈನರಿನ ಪೆರ್ಗಮಮ್ ನಗರದಲ್ಲಿ ೧೨೯ರಲ್ಲಿ ಹುಟ್ಟಿದ ಗ್ರೀಕನು. ತನ್ನೂರಿನ ಮಲ್ಲಯೋಧರಿಗೆ ವೈದ್ಯನಾಗಿದ್ದು, ೧೬೨ರಲ್ಲಿ ರೋಮಿಗೆ ಬಂದನು. ಕೋತಿಗಳ ಮತ್ತು ಹಂದಿಗಳ ಬೆನ್ನುಹುರಿಯನ್ನು ಬೇರೆ ಬೇರೆ ಮಟ್ಟಗಳಲ್ಲಿ ಕತ್ತರಿಸಿ, ಒಂದೊಂದು ಮಟ್ಟದಲ್ಲಿ ಯಾವ ಯಾವ ಅಂಗವು ಬಿದ್ದುಹೋಗುವುದೆಂದು ಕ್ರಮವಾಗಿ ಗುರುತು ಹಾಕಿದನು. ಮೊದಲ ಎರಡು ಮಣಿಗಳ ನಡುವೆ ಕತ್ತರಿಸಿದರೆ ಆ ಕ್ಷಣವೇ ಸಾವು. ಮೂರು ನಾಲ್ಕರ ನಡುವೆ ಕತ್ತರಿಸಿದರೆ ಉಸಿರು ನಿಲ್ಲುತ್ತದೆ. ಆರನೆಯದರ ಕೆಳಗೆ ಕತ್ತರಿಸಿದರೆ ಎದೆಯ ಮಾಂಸಖಂಡಗಳು ಸೋತು, ಪ್ರಾಣಿಯು ವಪೆಯೊಂದರಿಂದಲೇ ಉಸಿರಾಡುತ್ತದೆ. ಇನ್ನೂ ಕೆಳಗಾದರೆ ಹಿಂಗಾಲುಗಳು ಮಾತ್ರ ಹೋಗುತ್ತವೆ. ಹುರಿಯನ್ನು ಅಡ್ಡಲಾಗಿ ಅರ್ಧಕ್ಕೆ ಕತ್ತರಿಸಿದರೆ ಅದೇ ಪಕ್ಕದ ಅಂಗಗಳು ಬೀಳುತ್ತವೆ. ನಡುವೆ ಉದ್ದಕ್ಕೆ ಸೀಳಿದರೆ ಯಾವುದೂ ಬೀಳುವುದಿಲ್ಲ. ಗುಂಡಿಗೆಯೇ ಅರಿವಿನ ಮನೆಯೆಂದು ಹೇಳಿದ್ದ ಅರಿಸ್ಟಾಟಲನ ಪಕ್ಷವು ಇದರಿಂದ ನಿಲ್ಲದಂತಾಯಿತು.

ಗೇಲನನ ಬರಹದಲ್ಲಿ ಪೌಸೇನಿಯಸ್ ಎಂಬ ಸಿರಿಯಾ ದೇಶದ ಪಂಡಿತನೊಬ್ಬನ ಕಥೆ ಬರುತ್ತದೆ. ಇವನ ಕೈಯ ಕಿರುಬೆರಳು, ಉಂಗುರಬೆರಳು, ನಡುಬೆರಳಿನ ಅರ್ಧ, ಇಷ್ಟಕ್ಕೆ ಸ್ಪರ್ಶಜ್ಞಾನವು ಹೋಗಿತ್ತು. ರೋಮಿನ ವೈದ್ಯರು ಬೆರಳಿಗೆ ಲೇಪದಮೇಲೆ ಲೇಪ ಹಚ್ಚುತ್ತಿದ್ದರು. ಗುಣ ಮಾತ್ರ ಕಾಣಲಿಲ್ಲ. ಗೇಲನನು ಬಂದು ಬೆರಳನ್ನು ಬಿಟ್ಟು, "ಎಲ್ಲಿಯಾದರೂ ಬಿದ್ದಿದ್ದಿರೇನು?" ಎಂದು ವಿಚಾರಿಸಿದನು. ರಥದಿಂದ ಬಿದ್ದು ಬೆನ್ನಿನ ಮೇಲ್ಭಾಗವು ಕಲ್ಲಿಗೆ ತಗುಲಿದ್ದುದು ಹೊರಬಂದಿತು. ಬೆರಳಿನ ಔಷಧವನ್ನೇ ಬೆನ್ನಿಗೆ ಹಚ್ಚಿಸಿದನು, ರೋಗಿ ಗುಣಹೊಂದಿದನು. ಲೇಪದಿಂದ ಗುಣವಾಯಿತೋ ಕಾಲದಿಂದ ಗುಣವಾಯಿತೋ ಎಂಬ ಸಂದೇಹ ನಮಗಿದ್ದೇ ಇದೆ. ರೋಗದ ಮೂಲವು ಬೆರಳಿನಲ್ಲಿಲ್ಲವೆಂದು ಹೇಳಿದುದು ಮಾತ್ರ ನಿಸ್ಸಂದೇಹವಾಗಿ ಸರಿ. ಆಗ ಇತರ ವೈದ್ಯರಿಗೆ ಇನ್ನೊಂದು ಸೋಜಿಗ ಹತ್ತಿತು. ಸ್ಪರ್ಶಜ್ಞಾನವು ಹೋಗಿ, ಬೆರಳು ಆಡುವುದು ಮಾತ್ರ ಹೋಗದಿದ್ದುದು ಹೇಗೆ? ಚರ್ಮಕ್ಕೆ ಹೋಗುವ ನರಗಳೇ ಬೇರೆ, ಮಾಂಸಖಂಡಕ್ಕೆ ಹೋಗುವ ನರಗಳೇ ಬೇರೆ ಎಂದು ಗೇಲನನು ಉತ್ತರ ಕೊಟ್ಟನು. ಬಾಗಿಲ ಬಳಿಗೆ ಬಂದಂತಾಯಿತು. ಆದರೆ ಹುರಿಯ ಹತ್ತಿರದಲ್ಲಿ ಬೇರು ಎರಡಾಗುವುದಕ್ಕೂ ಈ ಭೇದಕ್ಕೂ ಸಂಬಂಧವುಂಟೆಂದು ಅವನಿಗೆ ಹೊಳೆಯಲಿಲ್ಲ.

ಮುಂದಿನ ಸಾವಿರದ ಆರುನೂರು ವರ್ಷಗಳನ್ನು ನಾವು ಬೇಗನೆ ದಾಟಬಹುದು. ೧೬೬೬ರಲ್ಲಿ ಆಮ್‌ಸ್ಟರ್‌ಡಾಮಿನ ಬ್ಲಾಸಿಯಸ್ ಎಂಬವನು ಬೆನ್ನುಹುರಿಯ ರಚನೆಗೇ ಮೀಸಲಾದ ಪುಸ್ತಕವೊಂದನ್ನು ಬರೆದನು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ತಲೆ ಕತ್ತರಿಸಿದ ಕಪ್ಪೆಯು ಚುಚ್ಚಿದರೆ ಕಾಲೆಳೆದುಕೊಳ್ಳುವುದನ್ನೂ, ಬೆನ್ನುಹುರಿಯನ್ನು ನಾಶಮಾಡಿದೊಡನೆಯೆ ಆ ಚಲನೆಯು ನಿಲ್ಲುವುದನ್ನೂ ತೋರಿಸಿದನು. ಎಡಿನ್‌ಬರೋ ನಗರದ ರಾಬರ್ಟ್ ವ್ಹಿಟ್ ೧೭೫೧ರ ತನ್ನ ಗ್ರಂಥದಲ್ಲಿ ಇದನ್ನು ವಿಸ್ತರಿಸಿದನು. ನಮ್ಮವರಲ್ಲಿ ಕೆಲವರು ಇಲ್ಲಿ ಯೋಗಶಾಸ್ತ್ರದ ಸುಷುಮ್ನಾನಾಡಿಯನ್ನು ತಂದು, ಇದೆಲ್ಲವೂ ನಮಗೆ ಮೊದಲೇ ಗೊತ್ತಿತ್ತು ಎನ್ನುವುದುಂಟು. ಮೇರುದಂಡವನ್ನೂ ಅದರೊಳಗಣ ಸುಷುಮ್ನೆಯನ್ನೂ ಹೇಳಿದವರು ಸಾಧಕನ ಧ್ಯಾನಕ್ಕೆ ದಾರಿಯನ್ನು ಹೇಳಿದರು, ಶವಚ್ಛೇದನದ ಫಲವನ್ನು ಹೇಳಲಿಲ್ಲ. ಅದನ್ನು ಇದರೊಡನೆ ಅಳೆದರೆ ಎರಡಕ್ಕೂ ಅನ್ಯಾಯವೆಂಬುದು ನಮ್ಮ ಅಭಿಪ್ರಾಯ.

ಇನ್ನು ವ್ಯಾಜ್ಯದ ವಾದಿ. ಚಾರ್ಲ್ಸ್ ಬೆಲ್ ೧೭೭೪ರಲ್ಲಿ ಎಡಿನ್‌ಬರೋ ನಗರದಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿ, ೧೮೦೪ರಲ್ಲಿ ಲಂಡನ್ನಿಗೆ ಬಂದನು. ಒಳ್ಳೆಯ ಶಸ್ತ್ರವೈದ್ಯ, ಅದಕ್ಕಿಂತ ಒಳ್ಳೆಯ ಚಿತ್ರಗಾರ. ೧೮೧೫ರಲ್ಲಿ ವಾಟರ್ಲೂ ಯುದ್ಧವಾದೊಡನೆ ಬ್ರಸೆಲ್ಸಿಗೆ ಹೋಗಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಅವರ ಗಾಯಗಳನ್ನು ಚಿತ್ರಿಸಿಕೊಂಡು ಬಂದನು. ಮುಖದ ಒಂದು ಪಕ್ಕ ಸೋಲುವ ವ್ಯಾಧಿಗೆ ಇವನ ಹೆಸರೇ ನಿಂತಿದೆ. ೧೮೧೧ರಲ್ಲಿ ಇವನು ಮೆದುಳಿನ ವಿಚಾರವಾಗಿ ಒಂದು ಸಣ್ಣ ಪುಸ್ತಕವನ್ನು ಮಾರಾಟಕ್ಕಲ್ಲದೆ ಸ್ನೇಹಿತರಿಗಾಗಿ ಅಚ್ಚುಹಾಕಿಸಿದನು. ಪ್ರತಿಗಳು ನೂರು. ಅದರಲ್ಲಿ ಇಂದಿಗೂ ಎಲ್ಲರೂ ತೋರಿಸುವ ಒಂದು ಪ್ರಯೋಗವಿದೆ: ಬೆನ್ನುಹುರಿಯ ನರಗಳ ಬೇರುಗಳನ್ನು ತೆರೆದು ಹಿಂಬೇರನ್ನು ಕತ್ತರಿಸಿದಾಗ ಬೆನ್ನಿನ ಮಾಂಸಖಂಡಗಳು ಸೆಳೆಯಲಿಲ್ಲ, ಮುಂಬೇರಿಗೆ ಚಾಕುವಿನ ಮೊನೆ ಸೋಕಿದೊಡನೆಯೆ ಸೆಳೆದುವು.

ಅಷ್ಟಕ್ಕೆ ನಿಲ್ಲಿಸಿ ಓದಿದರೆ ಬೆಲ್ಲನಿಗೆ ಗೆಲವು ಬಂದಂತೆಯೇ ತೋರುತ್ತದೆ. ಆದರೆ ಅವನು ಅದರಿಂದ ತೆಗೆದ ತಾತ್ಪರ್ಯವೇನು? ಮುಂಬೇರುಗಳು ಹಿರಿಯ ಮೆದುಳಿಗೆ ಸೇರಿದವು, ಚಲನೆಯೂ ಸ್ಪರ್ಶಜ್ಞಾನವೂ ಎರಡೂ ಅವುಗಳಲ್ಲಿಯೇ ನಡೆಯುತ್ತವೆ. ಹಿಂಬೇರುಗಳು ಕಿರಿಯ ಮೆದುಳಿಗೆ ಸೇರಿದವು, ಅವು ಪ್ರಾಣಧಾರಣೆಗೆ ಬೇಕಾದ ಗುಪ್ತ ಕಾರ್ಯಗಳನ್ನು ನಡೆಸುತ್ತವೆ ಎಂದು ಬರೆದನು. ಹಿಂಬೇರು ಸ್ಪರ್ಶಕ್ಕಾಗಿ ಎಂಬ ಮಾತು ಆ ಪುಸ್ತಕದಲ್ಲಿಲ್ಲ. ಬರುವಂತೆಯೂ ಇರಲಿಲ್ಲ. ಪ್ರಾಣಿಯು ನೋವು ತಿನ್ನಬಾರದೆಂದು ಮೊಲವನ್ನು ಮೊದಲು ಪ್ರಜ್ಞೆ ತಪ್ಪಿಸಿ ಕೆಲಸ ಮಾಡಿದೆನೆಂದು ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಪ್ರಜ್ಞೆಯಿಲ್ಲದ ಪ್ರಾಣಿಯಲ್ಲಿ ಮಾಂಸಖಂಡವು ಸೆಳೆಯುವುದನ್ನು ಕಾಣಬಹುದು. ನೋವಾಯಿತೋ ಇಲ್ಲವೋ ಎಂಬುದನ್ನು ಕಾಣುವ ಬಗೆ ಯಾವುದು? ಅವನ ದಯೆಯೇ ಅವನ ಕಣ್ಣಿಗೆ ಕಟ್ಟಿದ ಬಟ್ಟೆಯಾಯಿತು. ಈ ಮಾತನ್ನು ಬರೆಯುವಾಗ ನಮಗೆ ಸಂತೋಷವಿಲ್ಲ.

ಪ್ರತಿವಾದಿ ಫ್ರಾನ್ಸ್ವಾ ಮಜಾಂದಿ. ೧೭೮೩ರಲ್ಲಿ ಬೋರ್ಡೋ ನಗರದಲ್ಲಿ ಹುಟ್ಟಿದವನು, ಪ್ಯಾರಿಸ್ಸಿನಲ್ಲಿ ಬಾಳಿದವನು. ಮಾತು ಒರಟು, ಕೈ ಬಲು ಚುರುಕು. ಸಿದ್ಧಾಂತಗಳೆಂದರೆ ಇವನಿಗಾಗದು, ಕಣ್ಣಿಗೆ ಕಂಡದ್ದಷ್ಟೇ ಸತ್ಯವೆನ್ನುವ ಪಂಗಡ. ಇವನ ಮೊದಲ ಹೆಸರು ಬಂದುದೇ ಬೆನ್ನುಹುರಿಯಿಂದ, ಮತ್ತು ನಮ್ಮ ಕಾಡಿನ ಒಂದು ಮರದ ಬಳಗದಿಂದ. ಮಲೆನಾಡಿನವರು ಕಾಸರಕವೆನ್ನುವ ಮರದ ಕಾಯಿಯ ಬೀಜವು ವಿಷವೆಂಬುದನ್ನು ಎಲ್ಲರೂ ಬಲ್ಲರು. ಇದರ ಜಾತಿಯದೇ ಆದ ಜಾವಾದ್ವೀಪದ ಬಳ್ಳಿಯೊಂದರ ರಸವನ್ನು ಅಲ್ಲಿಯ ಜನರು ಬಾಣಗಳಿಗೆ ಹಚ್ಚುತ್ತಿದ್ದರು. ೧೮೦೯ರಲ್ಲಿ ಮಜಾಂದಿಯು ಈ ವಿಷಗಳನ್ನು ಪರೀಕ್ಷಿಸಿ, ಇವು ತಂದೊಡ್ಡುವ ಭಯಂಕರವಾದ ಸೆಳೆತವು ಬೆನ್ನುಹುರಿಯ ಮೂಲಕವೇ ಆಗುವುದೆಂದೂ, ಹುರಿಯನ್ನು ನಾಶಮಾಡಿದರೆ ಸೆಳೆತವು ನಿಲ್ಲುವುದೆಂದೂ ತೋರಿಸಿದನು. ೧೮೧೮ರಲ್ಲಿ ಪೆಲ್ತಿಯೇ, ಕಾವಾಂತು ಎಂಬ ಇಬ್ಬರು ರಸಾಯನಜ್ಞರು ಈ ಬಳಗದ ಬೀಜದಿಂದ ಬೇರ್ಪಡಿಸಿದ ಸಾರಕ್ಕೇ ಸ್ಟ್ರಿಕ್ನೀನ್ ಎಂದು ಹೆಸರು.

೧೮೨೧ರಲ್ಲಿ ಬೆಲ್ಲನ ಭಾವಮೈದುನನಾದ ಜಾನ್ ಷಾ ಪ್ಯಾರಿಸ್ಸಿಗೆ ಹೋಗಿ, ಮುಖದ ನರಗಳ ವಿಚಾರವಾಗಿ ಬೆಲ್ಲನು ಮಾಡಿದ್ದ ಪ್ರಯೋಗಗಳನ್ನು ಮಜಾಂದಿಗೆ ಮಾಡಿತೋರಿಸಿದನು. ಮರುವರ್ಷ ಮಜಾಂದಿಯು ತನ್ನದೇ ಪತ್ರಿಕೆಯಲ್ಲಿ ಬೆನ್ನುಹುರಿಯ ಬೇರುಗಳ ಮೇಲೆ ಮೂರು ನಾಲ್ಕು ಪುಟದ ಲೇಖನವೊಂದನ್ನು ಪ್ರಕಟಿಸಿದನು. ಈ ಬೇರುಗಳನ್ನು ಕತ್ತರಿಸಿ ನೋಡಬೇಕೆಂಬ ಆಸೆ ಅವನಿಗೆ ಬಹುಕಾಲದಿಂದ ಇದ್ದಿತು; ಆದರೆ ಗಟ್ಟಿ ಎಲುಬಿನ ಕೊಳವೆಯನ್ನು ಹುರಿಗೆ ಪೆಟ್ಟಾಗದಂತೆ ತೆರೆಯುವುದು ಆಗದ ಕೆಲಸವಾಗಿತ್ತು. ಹಾಗಿರಲು ಯಾರೋ ಅವನಿಗೆ ಆರು ವಾರದ ಎಂಟು ನಾಯಿಮರಿಗಳನ್ನು ತಂದುಕೊಟ್ಟರು. ಎಳೆಯ ಎಲುಬು, ಹರಿತವಾದ ಕತ್ತಿ. ಸೊಂಟದ ಮತ್ತು ತ್ರಿಕದ ಹಿಂಬೇರುಗಳನ್ನು ಕತ್ತರಿಸಿ ಗಾಯವನ್ನು ಹೊಲಿದು ಕಾದನು. ಕಾಲು ಪೂರ್ತಿಯಾಗಿ ಬಿದ್ದುಹೋಯಿತೆಂದೇ ಮೊದಲು ತಿಳಿದನು; ಚುಚ್ಚಿದರೂ ಒತ್ತಿದರೂ ಅದಕ್ಕೆ ಅರಿವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಆ ಕಾಲು ಆಡಿತು! ಸ್ಪರ್ಶಜ್ಞಾನ ಸಂಪೂರ್ಣವಾಗಿ ಹೋಗಿದೆ, ಚಲನೆ ಇದೆ. ಎರಡನೆಯ ಮರಿಯಲ್ಲಿಯೂ ಮೂರನೆಯದರಲ್ಲಿಯೂ ಹಾಗೆಯೇ. ಬಳಿಕ ಇನ್ನೂ ಕಷ್ಟವಾದ ಮುಂಬೇರುಗಳಿಗೆ ಕೈಹಾಕಿದನು. ಅವನ್ನು ಕತ್ತರಿಸಿದ ಕಾಲು ಬಟ್ಟೆಯಂತೆ ಜೋತುಬಿದ್ದಿತು. ಆದರೆ ಚುಚ್ಚಿದರೆ ನೋವು ಇದ್ದೇ ಇದ್ದಿತು. ಎರಡನ್ನೂ ಕತ್ತರಿಸಿದಾಗ ಎರಡೂ ಹೋದುವು. ಆಮೇಲೆ ತನ್ನ ಹಳೆಯ ಕಾಸರಕದ ವಿಷವನ್ನೂ ಸಾಕ್ಷಿಗೆ ಕರೆದನು: ಹಿಂಬೇರು ಕತ್ತರಿಸಿದ್ದ ಕಾಲು ಮಿಕ್ಕ ಮೈಯಂತೆಯೇ ಸೆಳೆಯಿತು, ಮುಂಬೇರು ಕತ್ತರಿಸಿದ್ದ ಕಾಲು ಸುಮ್ಮನಿತ್ತು. ಸುದ್ದಿ ಬರುವ ದಾರಿ ಹಿಂಬೇರು, ಅಪ್ಪಣೆ ಹೋಗುವ ದಾರಿ ಮುಂಬೇರು. ಪ್ರಶ್ನೆಯು ತೀರಿತು.

ಲಂಡನ್ನಿನಲ್ಲಿ ಕೂಡಲೇ ಗದ್ದಲವೆದ್ದಿತು. ಷಾ ೧೮೧೧ರ ಪುಸ್ತಕವನ್ನು ಪ್ಯಾರಿಸ್ಸಿಗೆ ಕಳುಹಿಸಿ, ಇದು ನಮ್ಮದೆಂದನು. ಮಜಾಂದಿಯು ಅದರ ಸಂಬಂಧಪಟ್ಟ ಭಾಗವನ್ನು ತನ್ನ ಪತ್ರಿಕೆಯಲ್ಲಿಯೇ ಅಚ್ಚುಹಾಕಿ, ಬೇರುಗಳನ್ನು ಬೇರೆಬೇರೆಯಾಗಿ ಕತ್ತರಿಸುವ ಯೋಚನೆ ಬೆಲ್ಲನಿಗೆ ತನಗಿಂತ ಮೊದಲೇ ಬಂದಿತ್ತೆಂದೂ, ಅವನು ನಿಜದ ಬಳಿಗೆ ಬಂದಿದ್ದನೆಂದೂ, ಆದರೆ ಮುಂಬೇರು ಚಲನೆಗೆ, ಹಿಂಬೇರು ಸ್ಪರ್ಶಕ್ಕೆ ಎಂಬುದು ಅವನಿಗೆ ತಪ್ಪಿಹೋಯಿತೆಂದೂ ಬರೆದನು. ಒರಟನೆಂದು ಹೆಸರಾದವನ ಈ ಮಾತಿನಲ್ಲಿ ಒರಟುತನ ನಮಗೆ ಕಾಣದು. ಬೆಲ್ಲನ ಕಡೆಯಿಂದ ಬಂದ ಉತ್ತರವು ಇಷ್ಟು ಚೆನ್ನಾದುದಲ್ಲ. ೧೮೨೧ರಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಿದ್ದ ಲೇಖನವೇ ಮೊದಲಾದ ತನ್ನ ಬರಹಗಳನ್ನು ಅವನು ೧೮೨೪ರಲ್ಲಿ ಒಂದು ಪುಸ್ತಕವಾಗಿ ಮರುಮುದ್ರಿಸಿದನು. ಮರುಮುದ್ರಣವೆಂದು ಹೇಳಿದ್ದರೂ ಅಲ್ಲಲ್ಲಿ ಮಾತುಗಳು ಬದಲಾಗಿದ್ದುವು. ಮಜಾಂದಿಯ ಲೇಖನ ಬಂದಮೇಲೆ ತಿಳಿದ ಸಂಗತಿಗೆ ಹೊಂದುವಂತೆ ಅವು ಬದಲಾಗಿದ್ದುವು. ೧೮೧೧ರ ಪುಸ್ತಕವು ನೂರೇ ಪ್ರತಿಗಳಾದ್ದರಿಂದ ಮೂಲವನ್ನು ತೆರೆದು ನೋಡಿದವರು ಬಲು ಕಡಮೆ. ಬೆಲ್ಲನಿಗೆ ೧೮೩೧ರಲ್ಲಿ ಸರ್ ಪದವಿ ಬಂದಿತು. ಇಂಗ್ಲಿಷಿನ ಪಠ್ಯಪುಸ್ತಕಗಳಲ್ಲಿ ಬಹುಕಾಲ ಅದು ಬೆಲ್ಲನ ನಿಯಮವಾಗಿಯೇ ಉಳಿಯಿತು. ೧೯೭೪ರಲ್ಲಿ ಪಾಲ್ ಕ್ರೇನ್‌ಫೀಲ್ಡ್ ಎಂಬ ವಿದ್ವಾಂಸನು ಇಬ್ಬರ ಮೂಲಬರಹಗಳನ್ನೂ ಒಂದೆಡೆ ಕೂಡಿಸಿ ಅಚ್ಚುಹಾಕಿದನು. ಪಾಠಾಂತರಗಳನ್ನು ಮುಂದಿಟ್ಟುಕೊಂಡು ನೋಡಿದಮೇಲೆ ತೀರ್ಪು ಎತ್ತ ಹೋಗಬೇಕೆಂಬುದರಲ್ಲಿ ನಮಗೆ ಅನುಮಾನವಿಲ್ಲ. ಶಾಸನವನ್ನು ತಿದ್ದಿದ ಕೈ ಪೂಜ್ಯರದಾದರೂ ತಿದ್ದುಪಡಿ ತಿದ್ದುಪಡಿಯೇ ಸರಿ.

ಇಷ್ಟು ಹೇಳಿ ಮುಗಿಸುವುದಾಗಿದ್ದರೆ ಮಜಾಂದಿಗೆ ಜಯಪತ್ರವನ್ನು ಬರೆದು ಎದ್ದುಬಿಡಬಹುದಾಗಿತ್ತು. ಆದರೆ ಆ ಎಂಟು ಮರಿಗಳು ಬಿಡುವುದಿಲ್ಲ. ಈಥರನ್ನು ಮೂಸಿಸಿ ನೋವು ತಿಳಿಯದಂತೆ ಶಸ್ತ್ರಚಿಕಿತ್ಸೆ ಮಾಡುವುದು ಲೋಕಕ್ಕೆ ಪ್ರಸಿದ್ಧವಾದದ್ದು ೧೮೪೬ರಲ್ಲಿ. ಇದು ಅದಕ್ಕಿಂತ ಇಪ್ಪತ್ತನಾಲ್ಕು ವರ್ಷ ಹಿಂದೆ. ಅದೂ ಅಲ್ಲದೆ, ನೋವುಂಟೋ ಇಲ್ಲವೋ ಎಂಬುದೇ ಪ್ರಶ್ನೆಯಾಗಿದ್ದಾಗ ನೋವನ್ನು ಕಳೆದು ಉತ್ತರ ಪಡೆಯುವುದು ಸಾಧ್ಯವಿರಲಿಲ್ಲ. ಬೆಲ್ಲನು ೧೮೨೨ರಲ್ಲಿಯೇ ಅಣ್ಣ ಜಾರ್ಜನಿಗೆ ಬರೆದ ಕಾಗದದಲ್ಲಿ, ನರಗಳ ಮೇಲೆ ಮತ್ತೊಂದು ಲೇಖನ ಬರೆಯಬೇಕಾಗಿದೆ, ಅದಕ್ಕೆ ಪ್ರಯೋಗಗಳು ಬೇಕು, ಅವು ಮನಸ್ಸಿಗೆ ಅಷ್ಟು ಅಸಹ್ಯವಾದ್ದರಿಂದ ಮುಂದಕ್ಕೆ ಹಾಕುತ್ತಿದ್ದೇನೆ ಎಂಬರ್ಥದ ಮಾತು ಬರುತ್ತದೆ. ೧೮೨೪ರಲ್ಲಿ ಮಜಾಂದಿಯು ಲಂಡನ್ನಿಗೆ ಬಂದು ಎಲ್ಲರೆದುರಿಗೆ ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ಮಾಡಿತೋರಿಸಿದಾಗ ಜನರು ರೊಚ್ಚಿಗೆದ್ದರು; ೧೮೨೫ರಲ್ಲಿ ರಿಚರ್ಡ್ ಮಾರ್ಟಿನ್ ಎಂಬ ಸದಸ್ಯನು ಪಾರ್ಲಿಮೆಂಟಿನಲ್ಲಿ ಅವನ ಹೆಸರನ್ನು ಹಿಡಿದು ಖಂಡಿಸಿದನು. ಅದೇ ಪಾರ್ಲಿಮೆಂಟು ಪ್ರಾಣಿಪ್ರಯೋಗಗಳಿಗೆ ಕಟ್ಟುಪಾಡು ಹಾಕುವ ಕಾನೂನನ್ನು ಮಾಡಿದ್ದು ೧೮೭೬ರಲ್ಲಿ. ನಮ್ಮ ದೇಶದ ಕಾನೂನು ೧೯೬೦ರದು. ದಯೆಯಿದ್ದವನಿಗೆ ನಿಜ ಕಾಣಲಿಲ್ಲ, ನಿಜ ಕಂಡವನಿಗೆ ದಯೆಯ ಹೆಸರಿಲ್ಲ. ತರಗತಿಯಲ್ಲಿ ಹುಡುಗರು, "ಸ್ವಾಮೀ, ಹಾಗಾದರೆ ದೊಡ್ಡವನು ಯಾರು?" ಎಂದು ಕೇಳಿದರೆ, ಕಂಡುಹಿಡಿದವನು ಯಾರೆಂಬುದನ್ನು ಹೇಳುತ್ತೇವೆ; ದೊಡ್ಡವನಾರೆಂಬುದನ್ನು ಅವರ ಪಾಲಿಗೆ ಬಿಡುತ್ತೇವೆ.

ನಾಯಿಮರಿಗಳಿಗೆ ಬಿಡುಗಡೆಯಾದುದು ಆಗ ಬಾನ್ ನಗರದಲ್ಲಿ ಆಚಾರ್ಯನಾಗಿದ್ದ ಯೋಹಾನೆಸ್ ಮ್ಯೂಲರನಿಂದ. ಬಿಸಿರಕ್ತದ ಪ್ರಾಣಿಗಳಲ್ಲಿ ರಕ್ತಸ್ರಾವ, ಗಾಯದ ಸಂಕಟ ಇವುಗಳ ಗೊಂದಲದಲ್ಲಿ ಫಲವು ಮಸಕಾಗುತ್ತಿತ್ತು. ಮಜಾಂದಿಗೇ ಮುಂಬೇರಿನಲ್ಲಿ ಒಮ್ಮೊಮ್ಮೆ ತುಸು ನೋವಿನ ಅರಿವು ಕಂಡುಬಂದು, ಅದನ್ನವನು ಮುಚ್ಚಿಡದೆ ಬರೆದಿದ್ದನು. ಮ್ಯೂಲರನು ೧೮೩೧ರಲ್ಲಿ ಕಪ್ಪೆಯನ್ನು ಆರಿಸಿಕೊಂಡನು. ಕಪ್ಪೆಯ ಬೆನ್ನಿನ ಕೊಳವೆ ಅಗಲ, ಬೇರುಗಳು ದಪ್ಪ. ಒಂದೇ ಕಪ್ಪೆಯಲ್ಲಿ ಎಡಗಾಲಿಗೆ ಹೋಗುವ ಮೂರು ಹಿಂಬೇರುಗಳನ್ನೂ ಬಲಗಾಲಿಗೆ ಹೋಗುವ ಮೂರು ಮುಂಬೇರುಗಳನ್ನೂ ಕತ್ತರಿಸಿದನು. ಕಪ್ಪೆಯು ಎಡಗಾಲಿನಿಂದ ಜಿಗಿಯಲು ನೋಡುತ್ತದೆ, ಆದರೆ ಆ ಕಾಲನ್ನು ಏನು ಮಾಡಿದರೂ ಅದಕ್ಕೆ ತಿಳಿಯದು. ಬಲಗಾಲನ್ನು ಚಿವುಟಿದರೆ ಮೈಯೆಲ್ಲ ಕುಪ್ಪಳಿಸುತ್ತದೆ, ಚಿವುಟಿಸಿಕೊಂಡ ಕಾಲು ಮಾತ್ರ ಆಡುವುದಿಲ್ಲ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾವು ಬೇರೆಲ್ಲಿಯೂ ಓದಿಲ್ಲ. ೧೮೩೩ರಲ್ಲಿ ಇಂಗ್ಲೆಂಡಿನ ಮಾರ್ಷಲ್ ಹಾಲ್ ಈ ಎರಡು ದಾರಿಗಳನ್ನೂ ಬೆನ್ನುಹುರಿಯೊಳಗೇ ಕೂಡಿಸಿ, ಮೆದುಳನ್ನು ಕೇಳದೆಯೆ ನಡೆಯುವ ಪರಾವರ್ತಿತ ಕ್ರಿಯೆಯನ್ನು ವಿವರಿಸಿದನು. ನಮ್ಮ ಬಚ್ಚಲಮನೆಯ ಕೆಂಡಕ್ಕೆ ಸಮಾಧಾನ ದೊರೆತುದು ಆಗ.

ಕಪ್ಪೆಗೆ ಸರಿಯಾದದ್ದು ಮನುಷ್ಯನಿಗೂ ಸರಿಯೇ ಎಂಬುದಕ್ಕೆ ರೋಗಗಳೇ ಉತ್ತರ ಹೇಳಿದುವು. ಹುರಿಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ನಡುವೆ ಬೂದುಬಣ್ಣದ ಚಿಟ್ಟೆಯ ಆಕಾರವೂ ಸುತ್ತಲೂ ಬಿಳಿಯ ಭಾಗವೂ ಕಾಣುತ್ತವೆ. ಚಿಟ್ಟೆಯ ಮುಂದಿನ ರೆಕ್ಕೆಗಳಲ್ಲಿರುವ ಕಣಗಳಿಂದ ಮುಂಬೇರು ಹೊರಡುತ್ತದೆ. ಪೋಲಿಯೋ ರೋಗವು ಈ ಕಣಗಳನ್ನೇ ಹುಡುಕಿ ಕೊಲ್ಲುವುದೆಂಬುದನ್ನು ೧೮೭೦ರಲ್ಲಿ ಪ್ಯಾರಿಸ್ಸಿನ ಶಾರ್ಕೋ ಮತ್ತು ಜೊಫ್ರ್ವಾ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಪೋಲಿಯೋ ತಗುಲಿದ ಮಗುವಿನ ಕಾಲು ಬಡಕಲಾಗಿ ಎಳೆದಾಡುವುದನ್ನು ನಮ್ಮ ಊರುಗಳಲ್ಲಿ ಕಾಣದವರಿರಲಿಲ್ಲ. ಆ ಕಾಲಿಗೆ ಇರುವೆ ಕಚ್ಚಿದರೂ ಮಗುವಿಗೆ ತಿಳಿಯುತ್ತಿತ್ತೆಂಬುದನ್ನು ತಾಯಂದಿರು ಬಲ್ಲರು. ಮಜಾಂದಿಯ ಎರಡನೆಯ ಪ್ರಯೋಗವೇ ಅದು. ೨೦೧೧ರ ಜನವರಿಯಲ್ಲಿ ಬಂಗಾಳದ ಹೌರಾ ಜಿಲ್ಲೆಯ ಮಗುವೊಂದಕ್ಕೆ ತಗುಲಿದ್ದೇ ಭಾರತದಲ್ಲಿ ಸ್ವಾಭಾವಿಕ ಪೋಲಿಯೋದ ಕೊನೆಯ ಪ್ರಸಂಗವಾಗಿ, ೨೦೧೪ರಲ್ಲಿ ಅದು ನಮ್ಮಿಂದ ತೊಲಗಿತೆಂದು ಸಾರಲಾಯಿತು. ಇದಕ್ಕೆ ವಿರುದ್ಧವಾದುದು ಸಿಫಿಲಿಸ್ ಮುದುರಿ ಹಲವು ವರ್ಷಗಳಮೇಲೆ ಬರುವ ಟೇಬೀಸ್ ಎಂಬ ವ್ಯಾಧಿ. ಅದು ಹಿಂಬೇರುಗಳನ್ನೂ ಹುರಿಯ ಹಿಂಭಾಗವನ್ನೂ ಸವೆಯಿಸುತ್ತದೆ. ಕಾಲಿನಲ್ಲಿ ಬಲವಿದ್ದರೂ ಅದು ಎಲ್ಲಿದೆಯೆಂಬ ಸುದ್ದಿ ಒಳಕ್ಕೆ ಬಾರದು. ರೋಗಿಯು ನೆಲವನ್ನೇ ನೋಡುತ್ತ ನಡೆಯುತ್ತಾನೆ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ವಾಲಿ ಬೀಳುತ್ತಾನೆ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಬರ್ಲಿನ್ನಿನ ರೋಂಬರ್ಗನು ಗುರುತಿಸಿದ ಈ ಚಿಹ್ನೆಯನ್ನು ವೈದ್ಯರು ಈಗಲೂ ರೋಗಿಯನ್ನು ನಿಲ್ಲಿಸಿ ಕಣ್ಣುಮುಚ್ಚಿಸಿ ಪರೀಕ್ಷಿಸುತ್ತಾರೆ.

ಕುದುರೆಬಾಲವನ್ನು ನೆನಪಿನಲ್ಲಿಡಿರೆಂದು ಹೇಳಿದ್ದೆವು. ಹುರಿಯು ಮುಗಿದ ಮಟ್ಟದಿಂದ ಕೆಳಗೆ ಸೂಜಿ ಚುಚ್ಚಿದರೆ ನರಗಳು ಪಕ್ಕಕ್ಕೆ ಸರಿಯುತ್ತವೆ, ಹುರಿಗೆ ಅಪಾಯವಿಲ್ಲ. ೧೮೯೧ರಲ್ಲಿ ಜರ್ಮನಿಯ ಕ್ವಿಂಕೆ ಈ ದಾರಿಯಿಂದ ತಿಳಿದ್ರವವನ್ನು ಹೊರತೆಗೆದನು. ೧೮೯೮ರ ಆಗಸ್ಟಿನಲ್ಲಿ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬಿಯರನು ಅದೇ ದಾರಿಯಿಂದ ಕೊಕೇನನ್ನು ಒಳಕ್ಕೆ ಬಿಟ್ಟು, ರೋಗಿಯು ಎಚ್ಚರವಾಗಿರುವಾಗಲೇ ಕಾಲಿನ ಶಸ್ತ್ರಚಿಕಿತ್ಸೆ ಮಾಡಿದನು. ಇದರ ಗುಣದೋಷಗಳನ್ನು ತಿಳಿಯುವುದಕ್ಕೆ ಅವನು ನಾಯಿಯನ್ನು ತರಿಸಲಿಲ್ಲ. ಆಗಸ್ಟ್ ೨೪ರಂದು ತನ್ನ ಸಹಾಯಕನಾದ ಹಿಲ್ಡೆಬ್ರಾಂಟನಿಗೆ ಬೆನ್ನುಗೊಟ್ಟು ಕುಳಿತನು. ಪಿಚಕಾರಿಯು ಸೂಜಿಗೆ ಸರಿಯಾಗಿ ಕೂಡದೆ ದ್ರವವೆಲ್ಲ ಸೋರಿಹೋಯಿತು. ಆಗ ಹಿಲ್ಡೆಬ್ರಾಂಟನು ತಾನೇ ಬೆನ್ನು ತೋರಿದನು. ಐದು ಮಿಲಿಗ್ರಾಂ ಕೊಕೇನು ಒಳಕ್ಕೆ ಹೋಗಿ ಕೆಲವು ನಿಮಿಷಗಳಲ್ಲಿ ಕಾಲಿನ ಅರಿವು ಹೋಯಿತು. ಬಿಯರನು ಸೂಜಿಯಿಂದ ತೊಡೆಯೆಲುಬಿನವರೆಗೆ ಚುಚ್ಚಿದನು, ಉರಿಯುವ ಚುಟ್ಟವನ್ನು ತಾಗಿಸಿದನು, ಮೊಳಕಾಲ ಕೆಳಗಣ ಎಲುಬಿಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದನು. ನೋವಿಲ್ಲ. ಇಬ್ಬರೂ ಸಂತೋಷದಿಂದ ದ್ರಾಕ್ಷಾರಸ ಕುಡಿದು ಮಲಗಿದರು. ಮರುದಿನ ಹಿಲ್ಡೆಬ್ರಾಂಟನಿಗೆ ತಲೆನೋವು, ವಾಂತಿ, ಕಾಲುಗಳಲ್ಲಿ ಪೆಟ್ಟಿನ ನೋವು. ದ್ರವ ಸೋರಿದ್ದ ಬಿಯರನು ತಲೆಯೆತ್ತಲಾರದೆ ಒಂಬತ್ತು ದಿನ ಹಾಸಿಗೆಯಲ್ಲಿದ್ದನು.

ಕೊಕೇನಿಗೆ ಬದಲಾಗಿ ಈಗ ಅಪಾಯ ಕಡಮೆಯಾದ ಔಷಧಗಳು ಬಂದಿವೆ, ಸೂಜಿಯು ಕೂದಲಿನಂತೆ ಸಣ್ಣದಾಗಿದೆ. ಹೊಟ್ಟೆಯನ್ನು ಕೊಯ್ದು ಮಗುವನ್ನು ತೆಗೆಯಬೇಕಾಗಿ ಬಂದಾಗ ಹೆಚ್ಚಾಗಿ ಈ ವಿಧಾನವನ್ನೇ ಬಳಸುತ್ತಾರೆ. ಸೂಜಿ ಹಾಕಿ ತಾಯಿಯನ್ನು ಅಂಗಾತ ಮಲಗಿಸಿದಮೇಲೆ ವೈದ್ಯರು ಸ್ಪಿರಿಟಿನ ಹತ್ತಿಯನ್ನು ಹೊಟ್ಟೆಯ ಮೇಲೆ ಒರಸಿ, "ತಣ್ಣಗೆ ತಿಳಿಯುತ್ತದೆಯೇನಮ್ಮ?" ಎಂದು ಕೇಳುತ್ತಾರೆ. ಆಮೇಲೆ, "ಕಾಲೆತ್ತಿ ನೋಡೋಣ," ಎನ್ನುತ್ತಾರೆ. ಮೊದಲನೆಯದು ಹಿಂಬೇರುಗಳನ್ನು ಕೇಳಿದ ಪ್ರಶ್ನೆ, ಎರಡನೆಯದು ಮುಂಬೇರುಗಳನ್ನು. ತಾಯಿಯು ಎರಡಕ್ಕೂ ಇಲ್ಲವೆಂದಮೇಲೆ ಕತ್ತಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ.